ಜನಾಂಗಹತ್ಯೆಯ ಕೇಸು, ಹೇಗ್‌ನ ತೀರ್ಪು, ಆಮೇಲಿನ ರಾಜಕೀಯ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರಿನ ಕಾನೂನು ವಿದ್ಯಾರ್ಥಿಗಳು, ಕೆಎಎಸ್‌–ಐಎಎಸ್‌ಗೆ ಓದುವವರು, ಪತ್ರಿಕೆಗೆ ಬರೆಯುವವರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿವು. ಕಾನೂನಿನ ಮೂಲ ಪಾಠ ಗೊತ್ತಿದ್ದವರು ಮೊದಲ ಎರಡನ್ನು ಬಿಟ್ಟು ಮುಂದಕ್ಕೆ ಹೋಗಬಹುದು. ಮೂರನೆಯದನ್ನು ಮಾತ್ರ ಬಿಡಬೇಡಿ. ಎಡವುವವರಲ್ಲಿ ಹೆಚ್ಚಿನವರು ಎಡವುವುದು ಅಲ್ಲೇ.

1. ಪತ್ರಿಕೆಯಲ್ಲಿ ‘ನರಮೇಧ’ ಅಂತ ಬರುತ್ತದೆ. ಅದೂ ‘ಜನಾಂಗಹತ್ಯೆ’ಯೂ ಒಂದೇ ಅಲ್ಲವೇ?

ಅಲ್ಲ. ನರಮೇಧ, ಮಾರಣಹೋಮ, ಹತ್ಯಾಕಾಂಡ ಇವೆಲ್ಲ ನಮ್ಮ ತಲೆಬರಹಗಳಲ್ಲಿ ‘ತುಂಬ ಜನ ಸತ್ತರು’ ಎನ್ನುವುದಕ್ಕೆ ಬಳಕೆಯಾಗುತ್ತವೆ. ಕೋರ್ಟು ಹೆಣಗಳ ಲೆಕ್ಕಕ್ಕಿಂತ ಮೊದಲು ಉದ್ದೇಶವನ್ನು ನೋಡುತ್ತದೆ. 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಒಪ್ಪಿದ ಒಡಂಬಡಿಕೆಯ 2ನೇ ವಿಧಿಯ ಪ್ರಕಾರ, ಒಂದು ರಾಷ್ಟ್ರೀಯ, ಜನಾಂಗೀಯ, ವರ್ಣೀಯ ಅಥವಾ ಧಾರ್ಮಿಕ ಗುಂಪನ್ನು ಆ ಗುಂಪು ಎಂಬ ಕಾರಣಕ್ಕೇ ಪೂರ್ತಿಯಾಗಿ ಇಲ್ಲವೇ ಭಾಗಶಃ ನಾಶ ಮಾಡುವ ಉದ್ದೇಶ ಇರಬೇಕು. ಆ ಉದ್ದೇಶದಿಂದ ಐದರಲ್ಲಿ ಒಂದು ಕೃತ್ಯ ನಡೆದಿರಬೇಕು: ಕೊಲ್ಲುವುದು, ದೇಹಕ್ಕೆ ಅಥವಾ ಮನಸ್ಸಿಗೆ ಗಂಭೀರ ಹಾನಿ ಮಾಡುವುದು, ಬದುಕಲಾಗದ ಪರಿಸ್ಥಿತಿಯನ್ನು ಬೇಕೆಂದೇ ಹೇರುವುದು, ಹೆರಿಗೆ ತಡೆಯುವುದು, ಮಕ್ಕಳನ್ನು ಬಲವಂತವಾಗಿ ಬೇರೆ ಗುಂಪಿಗೆ ಸಾಗಿಸುವುದು.

ರಾಜಕೀಯ ಗುಂಪು ಈ ಪಟ್ಟಿಯಲ್ಲಿಲ್ಲ. ಕಾಂಬೋಡಿಯಾವನ್ನು ಆಳಿದ್ದ ಕಮ್ಯುನಿಸ್ಟ್ ಗುಂಪು ಖ್ಮೇರ್ ರೂಜ್‌ನ ನಾಯಕರಿಗೆ 2018ರ ನವೆಂಬರ್‌ನಲ್ಲಿ ಜನಾಂಗಹತ್ಯೆಯ ಶಿಕ್ಷೆಯಾದದ್ದು ವಿಯೆಟ್ನಾಮೀಯರು ಮತ್ತು ಚಾಮ್ ಮುಸ್ಲಿಮರ ವಿಚಾರದಲ್ಲಿ. ಸ್ವಂತ ಖ್ಮೇರ್ ಜನರ ಸಾವುಗಳು ‘ಮಾನವೀಯತೆಯ ವಿರುದ್ಧದ ಅಪರಾಧ’ದ ಲೆಕ್ಕಕ್ಕೆ ಹೋದವು. ಅದೂ ಕಡಿಮೆ ಅಪರಾಧವೇನಲ್ಲ. ಆದರೆ ರಾಜಕಾರಣಿಗಳು ಜಗಳವಾಡುವುದು ‘ಜನಾಂಗಹತ್ಯೆ’ ಎಂಬ ಪದಕ್ಕಾಗಿ. ಆ ಪದ ಒಂದು ದೇಶದ ಹೆಸರಿಗೆ ಅಂಟಿದರೆ ಮೂರು ತಲೆಮಾರಾದರೂ ಬಿಡುವುದಿಲ್ಲ.

2. ನೆದರ್ಲೆಂಡ್ಸ್‌ನ ಹೇಗ್‌ನಲ್ಲಿ ಎರಡು ಕೋರ್ಟುಗಳಿವೆ. ಯಾವುದು ಯಾವುದು?

ಅಂತರರಾಷ್ಟ್ರೀಯ ನ್ಯಾಯಾಲಯ, ಅಂದರೆ ಐಸಿಜೆ, ದೇಶ–ದೇಶಗಳ ನಡುವಿನ ವ್ಯಾಜ್ಯ ಕೇಳುತ್ತದೆ. ಒಂದು ರೀತಿಯಲ್ಲಿ ಸಿವಿಲ್ ಕೋರ್ಟು. 15 ನ್ಯಾಯಾಧೀಶರು, 9 ವರ್ಷದ ಅವಧಿ, ಯಾರಿಗೂ ಜೈಲುಶಿಕ್ಷೆ ಇಲ್ಲ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ, ಅಂದರೆ ಐಸಿಸಿ, ವ್ಯಕ್ತಿಗಳ ಮೇಲೆ ಕ್ರಿಮಿನಲ್ ಕೇಸು ನಡೆಸುತ್ತದೆ. 1998ರ ರೋಮ್ ಶಾಸನದಿಂದ ಹುಟ್ಟಿ 2002ರ ಜುಲೈ 1ರಿಂದ ಜಾರಿಯಲ್ಲಿದೆ. ಭಾರತ ಐಸಿಜೆಯಲ್ಲಿದೆ, ಐಸಿಸಿಯಲ್ಲಿಲ್ಲ. ಬೋಸ್ನಿಯಾ ಸೇರಿದಂತೆ ಹಿಂದಿನ ಯುಗೊಸ್ಲಾವಿಯಾಕ್ಕೆ, ರುವಾಂಡಾಕ್ಕೆ ಭದ್ರತಾ ಮಂಡಳಿ ಪ್ರತ್ಯೇಕ ನ್ಯಾಯಮಂಡಳಿಗಳನ್ನೂ ಮಾಡಿತ್ತು. ಅಂತರರಾಷ್ಟ್ರೀಯ ಕೋರ್ಟೊಂದು ಜನಾಂಗಹತ್ಯೆಯ ಅಪರಾಧ ಸಾಬೀತು ಎಂದು ಮೊದಲ ಬಾರಿ ತೀರ್ಪು ಕೊಟ್ಟದ್ದು ರುವಾಂಡಾ ನ್ಯಾಯಮಂಡಳಿಯಲ್ಲಿ, 1998ರ ಸೆಪ್ಟೆಂಬರ್ 2ರಂದು, ಅಕಯೇಸು ಎಂಬ ಮಾಜಿ ಮೇಯರ್ ವಿರುದ್ಧ.

ಗಾಜಾ ವಿಷಯದಲ್ಲಿ ಈ ಎರಡನ್ನು ಬೆರೆಸುವವರು ಬಹಳ. ದಕ್ಷಿಣ ಆಫ್ರಿಕಾ ಇಸ್ರೇಲ್ ಮೇಲೆ ಹೂಡಿರುವ ಜನಾಂಗಹತ್ಯೆಯ ಕೇಸು ಐಸಿಜೆಯಲ್ಲಿದೆ. ಇಸ್ರೇಲ್ ಪ್ರಧಾನಿ ನೆತನ್ಯಾಹು ಅವರ ಮೇಲೆ 2024ರ ನವೆಂಬರ್ 21ರಂದು ವಾರಂಟ್ ಹೊರಡಿಸಿದ್ದು ಐಸಿಸಿ. ಅದರಲ್ಲಿರುವ ಆರೋಪ ಯುದ್ಧಾಪರಾಧ ಮತ್ತು ಮಾನವೀಯತೆಯ ವಿರುದ್ಧದ ಅಪರಾಧ. ಜನಾಂಗಹತ್ಯೆ ಅದರಲ್ಲಿಲ್ಲ.

3. ‘ಜನಾಂಗಹತ್ಯೆ ಸಾಬೀತು’ ಎಂದು 2024ರ ಜನವರಿಯಲ್ಲೇ ವಾಟ್ಸ್ಆ್ಯಪ್‌ನಲ್ಲಿ ಬಂದಿತ್ತಲ್ಲ?

ಸಾಬೀತಾಗಿರಲಿಲ್ಲ. ಗಾಜಾ ಕೇಸಿನಲ್ಲಿ ಐಸಿಜೆ ಕೊಟ್ಟದ್ದು ಮಧ್ಯಂತರ ಆದೇಶ.

ಸಕಲೇಶಪುರದ ಕಡೆ ಎರಡು ಕಾಫಿ ತೋಟಗಳ ನಡುವೆ ಗಡಿ ತಕರಾರು ಬಂತೆನ್ನಿ. ದಾವೆ ಹಾಕಿದವರು ಮೊದಲ ದಿನವೇ ಒಂದು ಐಎ, ಅಂದರೆ ಮಧ್ಯಂತರ ಅರ್ಜಿ, ಹಾಕುತ್ತಾರೆ: ‘ಕೇಸು ಮುಗಿಯುವ ತನಕ ಎದುರುಗಾರರು ಮರ ಕಡಿಯದಂತೆ ತಡೆಯಿರಿ’. ಸ್ಟೇ ಸಿಕ್ಕಿದರೆ ಕೋರ್ಟಿನ ಹೊರಗೆ ಸಿಹಿ ಹಂಚುವವರೂ ಇದ್ದಾರೆ. ಆದರೆ ಜಮೀನು ಯಾರದ್ದು ಎಂಬುದು ಇನ್ನೂ ಬಾಕಿ. ಸಾಕ್ಷಿ, ಪಾಟಿ ಸವಾಲು, ಸರ್ವೆ ಕಮಿಷನರ ವರದಿ ಎಲ್ಲ ಮುಂದೆ ಬರಬೇಕು. ಐಸಿಜೆಯದ್ದೂ ಇದೇ ಕ್ರಮ. ಅದರ ಶಾಸನದ 41ನೇ ವಿಧಿಯಡಿ ಕೊಡುವ ತಾತ್ಕಾಲಿಕ ಕ್ರಮದ ಆದೇಶಕ್ಕೆ ಮೂರು ನಾಲ್ಕು ಅಂಶ ಸಾಕು: ಮೇಲ್ನೋಟಕ್ಕೆ ಕೋರ್ಟಿಗೆ ಅಧಿಕಾರ ಇದೆ, ಕೇಳಿದ ಹಕ್ಕು ವಾದಕ್ಕೆ ನಿಲ್ಲುವಂಥದ್ದು, ಕೇಳಿದ ಪರಿಹಾರಕ್ಕೂ ಆ ಹಕ್ಕಿಗೂ ನಂಟಿದೆ, ಈಗಲೇ ತಡೆಯದಿದ್ದರೆ ಸರಿಪಡಿಸಲಾಗದ ಹಾನಿಯಾಗುವ ತುರ್ತು ಇದೆ.

2024ರ ಜನವರಿ 26ರ ಆದೇಶ ಹೇಳಿದ್ದು ಇಷ್ಟೇ: ಜನಾಂಗಹತ್ಯೆಯಿಂದ ರಕ್ಷಣೆ ಪಡೆಯುವ ಪ್ಯಾಲೆಸ್ಟೀನಿಯರ ಹಕ್ಕಿನ ವಾದ ಮೇಲ್ನೋಟಕ್ಕೆ ನಿಲ್ಲುತ್ತದೆ, ಆದ್ದರಿಂದ ಇಸ್ರೇಲ್ ಆರು ಕ್ರಮಗಳನ್ನು ಪಾಲಿಸಬೇಕು, ಒಂದು ತಿಂಗಳಲ್ಲಿ ವರದಿ ಕೊಡಬೇಕು. ಯುದ್ಧ ನಿಲ್ಲಿಸಿ ಎಂದು ಅದು ಹೇಳಲಿಲ್ಲ. ಇಸ್ರೇಲ್ ಆರೋಪವನ್ನು ಪೂರ್ತಿಯಾಗಿ ಅಲ್ಲಗಳೆದಿದೆ. ಅಂದು ಅಧ್ಯಕ್ಷತೆ ವಹಿಸಿದ್ದ ನ್ಯಾಯಾಧೀಶೆ ಜೋನ್ ಡನಹ್ಯೂ ನಿವೃತ್ತಿಯ ನಂತರ ಟೀವಿ ಸಂದರ್ಶನದಲ್ಲಿ ಇದೇ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಯಿತು. ಹಾಗಿದ್ದಮೇಲೆ ನಮ್ಮ ವಾಟ್ಸ್ಆ್ಯಪ್ ಗುಂಪುಗಳನ್ನು ಬಯ್ದು ಫಲವಿಲ್ಲ.

ಮಧ್ಯಂತರ ಎಂದಮಾತ್ರಕ್ಕೆ ಅದು ಸಲಹೆಯೂ ಅಲ್ಲ. ಇಂಥ ಆದೇಶ ಕಡ್ಡಾಯ ಎಂದು ಐಸಿಜೆ 2001ರ ಲಾಗ್ರಾಂಡ್ ಕೇಸಿನಲ್ಲೇ ತೀರ್ಮಾನಿಸಿದೆ. ನಮಗೆ ಹತ್ತಿರದ ಉದಾಹರಣೆ ಕುಲಭೂಷಣ್ ಜಾಧವ್ ಪ್ರಕರಣ. ಅದು ಜನಾಂಗಹತ್ಯೆಯ ಕೇಸಲ್ಲ, ಕಾನ್ಸುಲರ್ ಭೇಟಿಯದ್ದು, ಅಂದರೆ ಬಂಧಿತನನ್ನು ಅವನ ದೇಶದ ಅಧಿಕಾರಿಗಳು ಕಾಣುವ ಹಕ್ಕಿನದ್ದು. 2017ರ ಮೇ 18ರ ಮಧ್ಯಂತರ ಆದೇಶದ ನಂತರ ಪಾಕಿಸ್ತಾನ ಗಲ್ಲಿಗೇರಿಸಲಿಲ್ಲ. ಅಂತಿಮ ತೀರ್ಪು ಬಂದದ್ದು 2019ರ ಜುಲೈ 17ರಂದು.

4. ತೀರ್ಪು ಪಾಲಿಸದಿದ್ದರೆ ಏನು ಮಾಡುತ್ತಾರೆ?

ನಮ್ಮ ಸಿವಿಲ್ ಕೋರ್ಟಿನಲ್ಲಿ ಡಿಕ್ರಿ ಆದಮೇಲೂ ಎದುರುಗಾರ ಜಗ್ಗದಿದ್ದರೆ ಅಮಲ್ಜಾರಿ ಅರ್ಜಿ ಹಾಕುತ್ತೇವೆ. ಅಮೀನ ಬರುತ್ತಾನೆ, ಬೇಕಾದರೆ ಪೊಲೀಸರೂ ಬರುತ್ತಾರೆ. ಹೇಗ್‌ನ ಕೋರ್ಟಿಗೆ ಅಮೀನನಿಲ್ಲ. ವಿಶ್ವಸಂಸ್ಥೆಯ ಸನ್ನದಿನ 94ನೇ ವಿಧಿಯ ಪ್ರಕಾರ ಗೆದ್ದ ದೇಶ ಭದ್ರತಾ ಮಂಡಳಿಗೆ ಹೋಗಬಹುದು. ಅಲ್ಲಿ ಐದು ದೇಶಗಳ ಕೈಯಲ್ಲಿ ವಿಟೊ ಇದೆ. 1986ರಲ್ಲಿ ಅಮೆರಿಕದ ವಿರುದ್ಧ ಗೆದ್ದ ನಿಕರಾಗುವಾ ಹಾಗೆ ಹೋಯಿತು, ಅಮೆರಿಕವೇ ವಿಟೊ ಹಾಕಿತು. ‘ಮಿಲಿಟರಿ ಕಾರ್ಯಾಚರಣೆ ನಿಲ್ಲಿಸಿ’ ಎಂದು 2022ರ ಮಾರ್ಚ್ 16ರಂದು ರಷ್ಯಾಕ್ಕೆ 13–2ರ ಬಹುಮತದಲ್ಲಿ ಆದೇಶವಾಯಿತು. ಯುದ್ಧ ನಿಲ್ಲಲಿಲ್ಲ.

ಬೋಸ್ನಿಯಾ ತನ್ನ ನೆರೆಯ ಸರ್ಬಿಯಾದ ಮೇಲೆ ಹಾಕಿದ ಕೇಸಿನ ಕತೆ ಇನ್ನೂ ಘೋರ. ಐಸಿಜೆ 1993ರ ಏಪ್ರಿಲ್‌ನಲ್ಲಿ ಒಮ್ಮೆ, ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ ಆದೇಶ ಕೊಟ್ಟಿತ್ತು. ಬೋಸ್ನಿಯಾದ ಸ್ರೆಬ್ರೆನಿಕಾದಲ್ಲಿ ಸರ್ಬ್ ಪಡೆಗಳು 8,000ದಷ್ಟು ಮುಸ್ಲಿಂ ಗಂಡಸರು, ಹುಡುಗರನ್ನು ಕೊಂದದ್ದು 1995ರ ಜುಲೈನಲ್ಲಿ. ಅಂದರೆ ಎರಡು ಆದೇಶಗಳು ಕಡತದಲ್ಲಿದ್ದಾಗಲೇ.

5. ಹಾಗಾದರೆ ತೀರ್ಪಿನಿಂದ ಏನು ಪ್ರಯೋಜನ?

ಪರಿಣಾಮ ನೆಟ್ಟಗೆ ಬರುವುದಿಲ್ಲ, ಪಕ್ಕದಿಂದ ಬರುತ್ತದೆ. ಯಾರ ವಿರುದ್ಧ ಆದೇಶವಾಯಿತೋ ಅವರು ಜಗ್ಗದಿರಬಹುದು. ಆದರೆ ಅವರಿಗೆ ಶಸ್ತ್ರ ಮಾರುವವರು, ಸಾಲ ಕೊಡುವವರು, ಒಕ್ಕೂಟಕ್ಕೆ ಸೇರಿಸಿಕೊಳ್ಳಬೇಕಾದವರು ಆ ಕಾಗದವನ್ನು ತಮ್ಮ ವಕೀಲರಿಗೆ ಓದಿಸುತ್ತಾರೆ. ಕಾರಣ ಒಡಂಬಡಿಕೆಯ 1ನೇ ವಿಧಿ: ಜನಾಂಗಹತ್ಯೆಯನ್ನು ತಡೆಯುವುದು ಎಲ್ಲ ಸದಸ್ಯ ದೇಶಗಳ ಹೊಣೆ. ಗಂಭೀರ ಅಪಾಯವಿದೆ ಎಂದು ಗೊತ್ತಾದ, ಅಥವಾ ಗೊತ್ತಾಗಬೇಕಿದ್ದ ಕ್ಷಣದಿಂದಲೇ ಆ ಹೊಣೆ ಶುರು ಎಂದು 2007ರ ಬೋಸ್ನಿಯಾ ತೀರ್ಪು ಹೇಳಿತು. ‘ನಮಗೆ ಗೊತ್ತಿರಲಿಲ್ಲ’ ಎಂಬ ಮಾತು ಆದೇಶ ಬಂದ ಮರುದಿನದಿಂದ ನಡೆಯುವುದಿಲ್ಲ.

ಗಾಜಾ ಆದೇಶವಾಗಿ ಹತ್ತೇ ದಿನಕ್ಕೆ ಜಪಾನಿನ ಇಟೋಚು ಕಂಪನಿ ಇಸ್ರೇಲಿನ ಶಸ್ತ್ರ ತಯಾರಕ ಎಲ್ಬಿಟ್ ಜೊತೆಗಿನ ಒಪ್ಪಂದವನ್ನು ಕೈಬಿಡುವುದಾಗಿ, ಆದೇಶವನ್ನೇ ಹೆಸರಿಸಿ, ಹೇಳಿತು. ನೆದರ್ಲೆಂಡ್ಸ್‌ನ ಮೇಲ್ಮನವಿ ಕೋರ್ಟು 2024ರ ಫೆಬ್ರುವರಿ 12ರಂದು ಎಫ್‌–35 ವಿಮಾನದ ಬಿಡಿಭಾಗಗಳ ರಫ್ತನ್ನು ಏಳು ದಿನದಲ್ಲಿ ನಿಲ್ಲಿಸಲು ಹೇಳಿತು. ಇಲ್ಲಿ ಒಂದು ಎಚ್ಚರ ಬೇಕು. ಡಚ್ ಕೋರ್ಟು ಆಧರಿಸಿದ್ದು ಶಸ್ತ್ರ ರಫ್ತಿನ ನಿಯಮ ಮತ್ತು ಯುದ್ಧ ಕಾನೂನನ್ನು, ಜನಾಂಗಹತ್ಯೆಯನ್ನಲ್ಲ. ಮುಂದೆ 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ಆದೇಶವನ್ನು ಬದಿಗಿಟ್ಟು, ಆರು ವಾರದಲ್ಲಿ ಲೈಸೆನ್ಸನ್ನು ಮರುಪರಿಶೀಲಿಸುವಂತೆ ಸರ್ಕಾರಕ್ಕೆ ಹೇಳಿತು.

ಸೋತ ಕೋರಿಕೆಯೂ ಕೆಲಸ ಮಾಡುತ್ತದೆ. ಜರ್ಮನಿ ಇಸ್ರೇಲ್‌ಗೆ ಶಸ್ತ್ರ ಕೊಡುತ್ತಿದೆ ಎಂದು ನಿಕರಾಗುವಾ ಐಸಿಜೆಗೆ ಹೋಯಿತು. 2024ರ ಏಪ್ರಿಲ್ 30ರಂದು ಮಧ್ಯಂತರ ಕೋರಿಕೆ ತಿರಸ್ಕಾರವಾಯಿತು. ಆದರೆ ಆ ಆದೇಶದ ಒಳಗೇ ಒಂದು ಲೆಕ್ಕ ಅಚ್ಚಾಗಿದೆ: ಜರ್ಮನಿ ಕೊಟ್ಟ ಯುದ್ಧ ಸಾಮಗ್ರಿ ಲೈಸೆನ್ಸುಗಳ ಮೌಲ್ಯ 2023ರ ಅಕ್ಟೋಬರ್‌ನಲ್ಲಿ ಸುಮಾರು 20 ಕೋಟಿ ಯೂರೊ, ನವೆಂಬರ್‌ನಲ್ಲಿ ಸುಮಾರು 2.4 ಕೋಟಿ, 2024ರ ಮಾರ್ಚ್‌ನಲ್ಲಿ ಸುಮಾರು 10 ಲಕ್ಷ. ಕೋರ್ಟಿನಲ್ಲಿ ಗೆಲ್ಲಲು ಜರ್ಮನಿ ‘ನಾವು ಕೊಡುವುದನ್ನೇ ಕಡಿಮೆ ಮಾಡಿದ್ದೇವೆ’ ಎಂದು ತೋರಿಸಬೇಕಾಯಿತು.

6. ತೀರ್ಪಿನಿಂದ ನಿಜಕ್ಕೂ ಒಂದು ದೇಶದ ರಾಜಕೀಯ ಬದಲಾದದ್ದು ಇದೆಯೇ?

ಸರ್ಬಿಯಾ. ಆದರೆ ‘ಬದಲಾಯಿತು’ ಎನ್ನುವುದನ್ನು ಅಳೆದು ಹೇಳಬೇಕು.

1993ರ ಮಾರ್ಚ್‌ನಲ್ಲಿ ಬೋಸ್ನಿಯಾ ಹೂಡಿದ ದಾವೆಗೆ ತೀರ್ಪು ಬಂದದ್ದು 2007ರ ಫೆಬ್ರುವರಿ 26ರಂದು, ಸುಮಾರು 14 ವರ್ಷಕ್ಕೆ. ಸ್ರೆಬ್ರೆನಿಕಾದಲ್ಲಿ ನಡೆದದ್ದು ಜನಾಂಗಹತ್ಯೆಯೇ ಎಂದಿತು ಕೋರ್ಟು. ಸರ್ಬಿಯಾ ಸ್ವತಃ ಮಾಡಿತೇ? ಇಲ್ಲ. ಶಾಮೀಲಾಗಿತ್ತೇ? ಸಾಬೀತಾಗಿಲ್ಲ. ತಡೆಯುವ ಹೊಣೆಯಲ್ಲಿ ಸೋತಿತೇ? ಹೌದು. ಅಪರಾಧಿಗಳನ್ನು ಶಿಕ್ಷಿಸುವುದರಲ್ಲಿ? ಅಲ್ಲೂ ಸೋತಿತು, ಬೋಸ್ನಿಯಾ ಸರ್ಬ್ ಪಡೆಯ ಜನರಲ್ ಮ್ಲಾಡಿಚ್‌ನನ್ನು ಒಪ್ಪಿಸಲೇಬೇಕು. ಪರಿಹಾರದ ಹಣ? ಸೊನ್ನೆ. ಬೋಸ್ನಿಯಾದ ಸಾರಾಯೆವೊದಲ್ಲಿ ಇದನ್ನು ಅನ್ಯಾಯ ಎಂದರು, ಸರ್ಬಿಯಾದ ಬೆಲ್‌ಗ್ರೇಡ್‌ನಲ್ಲಿ ಖುಲಾಸೆ ಎಂದರು. ಒಂದೇ ತೀರ್ಪನ್ನು ಎರಡು ರಾಜಧಾನಿಗಳು ತಮತಮಗೆ ಬೇಕಾದ ತುದಿಯಿಂದ ಓದಿದವು.

ಮುಂದೆ ಆದದ್ದಕ್ಕೆ ತೀರ್ಪೊಂದೇ ಕಾರಣವಲ್ಲ. ಐರೋಪ್ಯ ಒಕ್ಕೂಟ ಸದಸ್ಯತ್ವದ ಬಾಗಿಲಲ್ಲಿ ನಿಂತು ‘ಮೊದಲು ಆರೋಪಿಗಳನ್ನು ಕೊಡಿ’ ಎಂದಿತು, ತೀರ್ಪು ಆ ಮಾತಿಗೆ ಬಲ ಕೊಟ್ಟಿತು. 2008ರ ಜುಲೈನಲ್ಲಿ ಬೋಸ್ನಿಯಾ ಸರ್ಬರ ನಾಯಕ ಕರಾಜಿಚ್, 2011ರ ಮೇ 26ರಂದು ಮ್ಲಾಡಿಚ್ ಸಿಕ್ಕಿಬಿದ್ದರು. 2012ರ ಮಾರ್ಚ್‌ನಲ್ಲಿ ಸರ್ಬಿಯಾಕ್ಕೆ ಅಭ್ಯರ್ಥಿ ದೇಶದ ಸ್ಥಾನ ಸಿಕ್ಕಿತು. ಈ ದಿನಾಂಕಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಬೇರೆ ವ್ಯಾಖ್ಯಾನ ಬೇಡ.

ಇನ್ನೊಂದು ಸ್ವಾರಸ್ಯ 2010ರ ಮಾರ್ಚ್ 31ರದ್ದು. ಸರ್ಬಿಯಾದ 250 ಸದಸ್ಯರ ಸಂಸತ್ತು 127 ಮತಗಳಿಂದ ಸ್ರೆಬ್ರೆನಿಕಾ ಅಪರಾಧವನ್ನು ಖಂಡಿಸಿತು. ಠರಾವಿನಲ್ಲಿ ‘ಜನಾಂಗಹತ್ಯೆ’ ಎಂಬ ಪದ ಇಲ್ಲ. ಅದರ ಬದಲು ‘ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪಿನಲ್ಲಿ ನಿರ್ಧಾರವಾದಂತೆ’ ಎಂಬ ಧಾಟಿಯ ಮಾತಿದೆ. ತೀರ್ಪನ್ನು ತೆರೆದರೆ ಆ ಪದ ಸಿಗುತ್ತದೆ, ಠರಾವನ್ನು ತೆರೆದರೆ ಸಿಗುವುದಿಲ್ಲ. ಗಂಡನ ಹೆಸರು ಹೇಳದೆ ‘ಇವರು’ ಎನ್ನುವ ಹಳೇ ಕಾಲದ ಹೆಂಗಸರ ಜಾಣ್ಮೆ ಇದು.

ತಪ್ಪಿದ್ದು ಎಲ್ಲಿ ಎಂಬುದನ್ನೂ ನೋಡಿ. ಹೊಸ ಸಾಕ್ಷ್ಯ ಸಿಕ್ಕರೆ ತೀರ್ಪಿನ ಪುನರ್‌ಪರಿಶೀಲನೆ ಕೇಳಲು 10 ವರ್ಷದ ಗಡುವಿದೆ. 2017ರ ಫೆಬ್ರುವರಿಯಲ್ಲಿ ಗಡುವು ಮುಗಿಯುವ ಹೊತ್ತಿಗೆ ಬೋಸ್ನಿಯಾ ಕಡೆಯಿಂದ ಅರ್ಜಿ ಹೋಯಿತು. ಅಲ್ಲಿ ಅಧ್ಯಕ್ಷ ಪೀಠದಲ್ಲಿ ಮೂವರು. ಮೂವರೂ ಸೇರಿ ತೀರ್ಮಾನ ಮಾಡಿರಲಿಲ್ಲ. ಇದು ದೇಶದ ಅರ್ಜಿಯೇ ಅಲ್ಲ ಎಂದು ಕೋರ್ಟು ಪಕ್ಕಕ್ಕಿಟ್ಟಿತು. ವಕಾಲತ್ತು ಸರಿಯಿಲ್ಲದೆ ಕೇಸು ಬಿದ್ದಂತೆ. ಬೋಸ್ನಿಯಾದೊಳಗಿನ ಒಡಕು ಇವತ್ತಿಗೂ ಹಾಗೇ ಇದೆ. 2021ರ ಜುಲೈನಲ್ಲಿ ಶಾಂತಿ ಒಪ್ಪಂದದ ಮೇಲ್ವಿಚಾರಣೆಗಿದ್ದ ಅಂತರರಾಷ್ಟ್ರೀಯ ಪ್ರತಿನಿಧಿ ಜನಾಂಗಹತ್ಯೆಯ ನಿರಾಕರಣೆಯನ್ನು ಅಪರಾಧ ಎಂದು ಮಾಡಿದಾಗ ಸರ್ಬ್ ಪ್ರತಿನಿಧಿಗಳು ದೇಶದ ಸಂಸ್ಥೆಗಳನ್ನೇ ಬಹಿಷ್ಕರಿಸಿದರು.

7. ಆರೋಪ ಹೊತ್ತ ನಾಯಕರಿಗೆ ತವರಿನಲ್ಲಿ ಹಿನ್ನಡೆ ಆಗುತ್ತದೆಯೇ?

ಸಾಮಾನ್ಯವಾಗಿ ಉಲ್ಟಾ. ಗ್ಯಾಂಬಿಯಾ 2019ರ ನವೆಂಬರ್ 11ರಂದು ಮ್ಯಾನ್ಮಾರ್‌ನ ಅಲ್ಪಸಂಖ್ಯಾತ ಮುಸ್ಲಿಮರಾದ ರೋಹಿಂಗ್ಯಾಗಳ ವಿಚಾರದಲ್ಲಿ ಆ ದೇಶದ ಮೇಲೆ ಕೇಸು ಹಾಕಿತು. ಡಿಸೆಂಬರ್‌ನಲ್ಲಿ ಅಲ್ಲಿನ ಆಗಿನ ಸರ್ಕಾರದ ನಾಯಕಿ ಆಂಗ್ ಸಾನ್ ಸೂ ಕಿ ಸ್ವತಃ ಹೇಗ್‌ಗೆ ಹೋಗಿ ವಾದಿಸಿದರು. ಹೊರಗೆ ಅವರ ಹೆಸರು ಮಣ್ಣುಪಾಲಾಯಿತು. ಒಳಗೆ ಬೆಂಬಲದ ಮೆರವಣಿಗೆಗಳು ನಡೆದವು, 2020ರ ನವೆಂಬರ್ ಚುನಾವಣೆಯಲ್ಲಿ ಅವರ ಪಕ್ಷ ಭಾರಿ ಬಹುಮತ ಪಡೆಯಿತು. ಮೂರು ತಿಂಗಳಲ್ಲಿ, 2021ರ ಫೆಬ್ರುವರಿ 1ರಂದು, ಅವರು ಯಾವ ಸೇನೆಯ ಪರ ನಿಂತಿದ್ದರೋ ಅದೇ ಸೇನೆ ಅವರನ್ನು ಬಂಧಿಸಿತು. ಮುಂದೆ ಸೇನೆ ಕಳಿಸಿದವರೇ ಕೋರ್ಟಿನಲ್ಲಿ ದೇಶದ ಪರ ನಿಂತರು. 2022ರ ಜುಲೈ 22ರಂದು ‘ಈ ಕೇಸು ನಡೆಸುವ ಅಧಿಕಾರ ಕೋರ್ಟಿಗಿಲ್ಲ’ ಎಂಬಂಥ ಅವರ ಪ್ರಾಥಮಿಕ ತಕರಾರುಗಳೆಲ್ಲ ವಜಾ ಆದವು.

8. ಕೇಸು ಹಾಕಿದ ದೇಶಕ್ಕೆ ತೊಂದರೆ?

ಆಗಬಹುದು. 2025ರ ಫೆಬ್ರುವರಿ 7ರಂದು ಅಮೆರಿಕದ ಅಧ್ಯಕ್ಷ ಟ್ರಂಪ್ ದಕ್ಷಿಣ ಆಫ್ರಿಕಾಕ್ಕೆ ನೆರವು ನಿಲ್ಲಿಸುವ ಆದೇಶಕ್ಕೆ ಸಹಿ ಹಾಕಿದರು. ಕೊಟ್ಟ ಕಾರಣಗಳಲ್ಲಿ ಐಸಿಜೆ ಕೇಸೂ ಒಂದು. ಅದರ ಹಿಂದಿನ ದಿನ ಐಸಿಸಿ ಮೇಲೆ ನಿರ್ಬಂಧದ ಆದೇಶ. ಮನೆಯೊಳಗೂ ಕೇಸು ಮತ ತಂದುಕೊಡಲಿಲ್ಲ: 2024ರ ಮೇ ಚುನಾವಣೆಯಲ್ಲಿ ಆಡಳಿತ ಪಕ್ಷ ಎಎನ್‌ಸಿ ಸುಮಾರು ಶೇ 40ಕ್ಕೆ ಇಳಿದು, 1994ರ ನಂತರ ಮೊದಲ ಬಾರಿ ಬಹುಮತ ಕಳೆದುಕೊಂಡಿತು. ಅಲ್ಲಿನ ಮತದಾರನಿಗೆ ಕರೆಂಟು, ಕೆಲಸ ಮುಖ್ಯವಾಗಿತ್ತು.

9. ಜನಾಂಗಹತ್ಯೆಯ ವಾರಂಟ್ ಇದ್ದವರು ಭಾರತಕ್ಕೆ ಬಂದರೆ ಹಿಡಿಯಬೇಕೇ?

ಬಂದದ್ದೂ ಇದೆ. ಸುಡಾನ್‌ನ ಆಗಿನ ಅಧ್ಯಕ್ಷ ಒಮರ್ ಅಲ್ ಬಶೀರ್ ಮೇಲೆ ಐಸಿಸಿಯ 2009ರಲ್ಲಿ ಒಂದು, 2010ರ ಜುಲೈನಲ್ಲಿ ಜನಾಂಗಹತ್ಯೆಯ ಆರೋಪ ಸೇರಿಸಿ ಇನ್ನೊಂದು ವಾರಂಟ್ ಇತ್ತು. 2015ರ ಅಕ್ಟೋಬರ್‌ನಲ್ಲಿ ಅವರು ದೆಹಲಿಯ ಭಾರತ–ಆಫ್ರಿಕಾ ಶೃಂಗಸಭೆಗೆ ಬಂದು ಹೋದರು. ಭಾರತ ರೋಮ್ ಶಾಸನಕ್ಕೆ ಸಹಿ ಹಾಕಿಲ್ಲವಾದ್ದರಿಂದ ಹಿಡಿಯುವ ಕಟ್ಟುಪಾಡು ಇರಲಿಲ್ಲ. ಸದಸ್ಯ ದೇಶವಾದ ದಕ್ಷಿಣ ಆಫ್ರಿಕಾಕ್ಕೆ ಅದೇ ವರ್ಷ ಜೂನ್‌ನಲ್ಲಿ ಹೋಗಿದ್ದಾಗ ಮಾತ್ರ ಕಸಿವಿಸಿಯಾಯಿತು. ಕೋರ್ಟಿನಲ್ಲಿ ವಿಚಾರಣೆ ನಡೆಯುತ್ತಿದ್ದಂತೆಯೇ ಅವರ ವಿಮಾನ ಹೊರಟಿತು. ಬಿಟ್ಟು ಕಳಿಸಿದ್ದು ತಪ್ಪು ಎಂದು ಅಲ್ಲಿನ ಮೇಲ್ಮನವಿ ಕೋರ್ಟು ಮರುವರ್ಷ ಹೇಳಿತು.

10. ಭಾರತದ ಮೇಲೆ ಯಾರಾದರೂ ಇಂಥ ಕೇಸು ಹಾಕಬಹುದೇ?

ಭಾರತದ ಒಪ್ಪಿಗೆ ಇಲ್ಲದೆ ಆಗುವುದಿಲ್ಲ. 1959ರ ಆಗಸ್ಟ್ 27ರಂದು ಒಡಂಬಡಿಕೆಯನ್ನು ಸ್ಥಿರೀಕರಿಸುವಾಗಲೇ 9ನೇ ವಿಧಿಗೆ ಭಾರತ ಷರತ್ತು ಹಾಕಿದೆ: ಐಸಿಜೆಗೆ ಹೋಗಬೇಕಾದರೆ ಎಲ್ಲ ಪಕ್ಷಗಾರರ ಸಮ್ಮತಿ ಬೇಕು.

ಈ ಷರತ್ತಿನ ಪರೀಕ್ಷೆ 1973ರಲ್ಲೇ ನಡೆಯಿತು. ಬಾಂಗ್ಲಾ ಯುದ್ಧದ ನಂತರ ನಮ್ಮ ವಶದಲ್ಲಿದ್ದ ಯುದ್ಧಕೈದಿಗಳಲ್ಲಿ 195 ಪಾಕಿಸ್ತಾನಿಗಳನ್ನು ಜನಾಂಗಹತ್ಯೆ ಮತ್ತಿತರ ಆರೋಪದ ವಿಚಾರಣೆಗೆ ಢಾಕಾಕ್ಕೆ ಕೊಡುವ ಮಾತಿತ್ತು. ವಿಚಾರಿಸುವ ಹಕ್ಕು ತನ್ನದು ಎಂದು ಪಾಕಿಸ್ತಾನ ಮೇ 11ರಂದು ಐಸಿಜೆಗೆ ಹೋಯಿತು. ಭಾರತ ಕೋರ್ಟಿಗೆ ಕಾಲಿಡಲಿಲ್ಲ, ಷರತ್ತು ತೋರಿಸಿ ಪತ್ರ ಬರೆಯಿತು. ಅಷ್ಟರಲ್ಲಿ ಮಾತುಕತೆ ಕುದುರಿ ಪಾಕಿಸ್ತಾನವೇ ಕೇಸು ವಾಪಸ್ ಪಡೆಯಿತು, ಡಿಸೆಂಬರ್‌ನಲ್ಲಿ ಪಟ್ಟಿಯಿಂದ ತೆಗೆದರು. 1974ರ ಏಪ್ರಿಲ್‌ನ ದೆಹಲಿ ಒಪ್ಪಂದದಲ್ಲಿ 195 ಮಂದಿಯೂ ವಿಚಾರಣೆಯಿಲ್ಲದೆ ಊರಿಗೆ ಹೋದರು. ಕೇಸು ಅಲ್ಲಿ ಚೌಕಾಶಿಯ ಒಂದು ದಾಳವಾಗಿತ್ತು. ಸತ್ತವರ ಕಡೆಯಿಂದ ನೋಡಿದರೆ ಇದು ಸಂತೋಷಪಡುವ ಅಂತ್ಯವಲ್ಲ.

ಇಂಥ ಷರತ್ತು ಎಷ್ಟು ಗಟ್ಟಿ ಎಂಬುದಕ್ಕೆ ಈಚಿನ ನಿದರ್ಶನವೂ ಇದೆ. ಯುಎಇ ವಿರುದ್ಧ ಸುಡಾನ್ ಹಾಕಿದ್ದ ಕೇಸನ್ನು ಯುಎಇಯ 9ನೇ ವಿಧಿಯ ಷರತ್ತಿನ ಕಾರಣಕ್ಕೆ 2025ರ ಮೇ 5ರಂದು 9–7 ಮತಗಳಿಂದ ಪಟ್ಟಿಯಿಂದಲೇ ಕಿತ್ತುಹಾಕಿದರು. ಆರೋಪ ನಿಜವೋ ಸುಳ್ಳೋ ಎಂಬ ಮಾತೇ ಬರಲಿಲ್ಲ.

11. ನಮ್ಮ ಕೋರ್ಟುಗಳಲ್ಲಿ ಐಸಿಜೆ ಆದೇಶ ತೋರಿಸಿದರೆ ನಡೆಯುತ್ತದೆಯೇ?

ಈವರೆಗಿನ ಅನುಭವ ಉತ್ತೇಜನ ಕೊಡುವಂತಿಲ್ಲ. ಜಮ್ಮುವಿನ ರೋಹಿಂಗ್ಯಾಗಳ ಗಡೀಪಾರು ತಡೆಯಲು, ಗ್ಯಾಂಬಿಯಾದ ಕೇಸಿನಲ್ಲಿ ಐಸಿಜೆ ಮ್ಯಾನ್ಮಾರ್‌ಗೆ ಕೊಟ್ಟಿದ್ದ ಮಧ್ಯಂತರ ಆದೇಶವನ್ನು ಮುಂದಿಟ್ಟರು. 2021ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ತಡೆ ಕೊಡಲಿಲ್ಲ, ಬೇರೆ ದೇಶದಲ್ಲಿ ಆಗುತ್ತಿರುವುದರ ಬಗ್ಗೆ ತಾನು ಹೇಳಲಾಗದು ಎಂದಿತು. ಇಸ್ರೇಲ್‌ಗೆ ಶಸ್ತ್ರ ರಫ್ತು ನಿಲ್ಲಿಸಬೇಕೆಂಬ ಅರ್ಜಿಯೂ 2024ರ ಸೆಪ್ಟೆಂಬರ್‌ನಲ್ಲಿ ವಜಾ ಆಯಿತು: ವಿದೇಶಾಂಗ ನೀತಿ ಸರ್ಕಾರದ ಕ್ಷೇತ್ರ. ಡಚ್ ಕೋರ್ಟಿಗೂ ನಮ್ಮ ಕೋರ್ಟಿಗೂ ಇಲ್ಲಿ ದಾರಿ ಬೇರೆಯಾಗುತ್ತದೆ.

ಜನಾಂಗಹತ್ಯೆಗೆಂದೇ ದೇಶದೊಳಗಿನ ಕಾನೂನಂತೂ ಇಲ್ಲವೇ ಇಲ್ಲ. 1984ರ ಸಿಖ್ ವಿರೋಧಿ ಹಿಂಸೆಯ ಸಜ್ಜನ್ ಕುಮಾರ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟು 2018ರ ಡಿಸೆಂಬರ್ 17ರಂದು ಈ ಲೋಪವನ್ನು ತುರ್ತಾಗಿ ತುಂಬಬೇಕು ಎಂದಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲೂ ‘ಜನಾಂಗಹತ್ಯೆ’ ಎಂಬ ಅಪರಾಧ ಸೇರಲಿಲ್ಲ.

12. ನಮ್ಮ ಜಿಲ್ಲೆಗಳಿಗೆ ಇದರಿಂದ ಏನಾದರೂ?

ಎರಡು ವಿಷಯ ಕೇಳುತ್ತಾರೆ. ಕಾಫಿ ಹಡಗುಗಳು ಕೆಂಪು ಸಮುದ್ರ ಬಿಟ್ಟು ಆಫ್ರಿಕಾ ಸುತ್ತಿ ಯುರೋಪಿಗೆ ಹೋಗಬೇಕಾಗಿ ಬಂದದ್ದು ಯೆಮನ್‌ನ ಹೂತಿ ಬಂಡುಕೋರರ ದಾಳಿಯಿಂದ. ಅದಕ್ಕೂ ಐಸಿಜೆ ಆದೇಶಕ್ಕೂ ಸಂಬಂಧವಿಲ್ಲ. ಇನ್ನೊಂದು, ತೋಟಗಳಿಗೆ ಬರುವ ಅಸ್ಸಾಂ ಕಾರ್ಮಿಕರನ್ನು ‘ರೋಹಿಂಗ್ಯಾ’ ಎಂದು ಕರೆಯುವ ಚಾಳಿ. ಅಸ್ಸಾಂ ಭಾರತದ ರಾಜ್ಯ, ರೋಹಿಂಗ್ಯಾಗಳು ಮ್ಯಾನ್ಮಾರ್‌ನ ರಖೈನ್ ಪ್ರಾಂತ್ಯದವರು. ಐಸಿಜೆ ಆದೇಶ ಕಟ್ಟಿಹಾಕುವುದು ಮ್ಯಾನ್ಮಾರ್ ಒಂದನ್ನೇ. ಅದು ಇಲ್ಲಿ ಯಾರಿಗೂ ವಾಸದ ಹಕ್ಕು ಕೊಡುವುದೂ ಇಲ್ಲ, ಕಸಿಯುವುದೂ ಇಲ್ಲ.

13. ಕನ್ನಡ ನಾಡಿನ ಕಡೆಯವರು ಯಾರಾದರೂ ಐಸಿಜೆಯಲ್ಲಿದ್ದರೇ?

ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನೆಗಲ್ ನರಸಿಂಗ ರಾವ್. ಓದಿದ್ದು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ. 1952ರಿಂದ, 1953ರಲ್ಲಿ ತೀರಿಕೊಳ್ಳುವ ತನಕ ನ್ಯಾಯಾಧೀಶರಾಗಿದ್ದರು.

14. ಆದೇಶವನ್ನು ನಾವೇ ಓದುವುದು ಹೇಗೆ?

ಐಸಿಜೆಯ ಜಾಲತಾಣದಲ್ಲಿ ಕೇಸಿನ ಹೆಸರು ಹುಡುಕಿ, ಪಿಡಿಎಫ್ ಇಳಿಸಿಕೊಳ್ಳಿ. ಮೊದಲ ಪುಟದಿಂದ ಶುರು ಮಾಡಬೇಡಿ. ನೇರ ಕೊನೆಗೆ ಹೋಗಿ ‘ಈ ಕಾರಣಗಳಿಗಾಗಿ, ನ್ಯಾಯಾಲಯವು’ ಎಂಬ ಅರ್ಥದ ಸಾಲನ್ನು ಹಿಡಿಯಿರಿ. ಅದರ ಕೆಳಗಿರುವುದೇ ಆದೇಶ, ಮೇಲಿರುವುದೆಲ್ಲ ಅದಕ್ಕೆ ಕಾರಣ. ಅಲ್ಲಿನ ಕ್ರಿಯಾಪದ ನೋಡಿ: ಕ್ರಮವನ್ನು ‘ಸೂಚಿಸುತ್ತದೆ’ ಎಂದಿದ್ದರೆ ಮಧ್ಯಂತರ, ಉಲ್ಲಂಘನೆ ಆಗಿದೆ ಎಂದು ‘ನಿರ್ಣಯಿಸುತ್ತದೆ’ ಎಂದಿದ್ದರೆ ತೀರ್ಪು.

ಆಮೇಲೆ ಮತಗಳು. ಪ್ರತಿ ಅಂಶಕ್ಕೂ ಪರ–ವಿರೋಧದ ಹೆಸರುಗಳಿರುತ್ತವೆ. 2024ರ ಜನವರಿಯ ಆದೇಶದಲ್ಲಿ ನಾಲ್ಕು ಕ್ರಮಗಳಿಗೆ 15–2, ಎರಡಕ್ಕೆ 16–1. ಒಟ್ಟು 17 ಹೇಗಾಯಿತೆಂದರೆ, ತಮ್ಮ ದೇಶದ ನ್ಯಾಯಾಧೀಶರಿಲ್ಲದ ಪಕ್ಷಗಾರರು ಒಬ್ಬೊಬ್ಬ ತಾತ್ಕಾಲಿಕ ನ್ಯಾಯಾಧೀಶರನ್ನು ನೇಮಿಸಬಹುದು. ಇಸ್ರೇಲ್ ನೇಮಿಸಿದ್ದ ಅಹರೋನ್ ಬರಾಕ್ ಅವರೇ ಪ್ರಚೋದನೆ ತಡೆ ಮತ್ತು ಮಾನವೀಯ ನೆರವಿನ ಎರಡು ಕ್ರಮಗಳಿಗೆ ಪರ ಮತ ಹಾಕಿದರು. ಭಾರತದ ದಲ್ವೀರ್ ಭಂಡಾರಿ ಆರಕ್ಕೂ ಪರ, ಉಗಾಂಡಾದ ಸೆಬುಟಿಂಡೆ ಆರಕ್ಕೂ ವಿರೋಧ. ಉಗಾಂಡಾ ಸರ್ಕಾರವೇ ‘ಅದು ಅವರ ಸ್ವಂತ ಅಭಿಪ್ರಾಯ, ನಮ್ಮದಲ್ಲ’ ಎಂದು ಹೇಳಿಕೊಳ್ಳಬೇಕಾಯಿತು.

ಕೊನೆಗೆ ಗಡುವಿನ ಆದೇಶಗಳನ್ನು ಹುಡುಕಿ. ಒಂದೆರಡು ಪುಟದವು, ಯಾವ ಪತ್ರಿಕೆಯೂ ದೊಡ್ಡದಾಗಿ ಹಾಕುವುದಿಲ್ಲ. ಕೇಸು ಎಲ್ಲಿದೆ ಎಂದು ತಿಳಿಯುವುದು ಅವುಗಳಿಂದಲೇ. ಗಾಜಾ ಕೇಸಿನಲ್ಲಿ ಇಸ್ರೇಲ್ ಉತ್ತರ ಸಲ್ಲಿಸಲು ಮೊದಲು ಕೊಟ್ಟಿದ್ದ ದಿನ 2025ರ ಜುಲೈ 28. ಅದನ್ನು 2026ರ ಜನವರಿ 12ಕ್ಕೆ ಮುಂದೂಡಿದ್ದು ಇಂಥದೇ ಒಂದು ಪುಟ್ಟ ಆದೇಶ.